ಜೈಲಿನ ಖರ್ಚೊಂದೇ ಅಲ್ಲ

ಆನ್‌ಲೈನ್‌ನಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರಿಗೆ ಶಿಕ್ಷೆ ಜಾಸ್ತಿ ಮಾಡಿದರೆ ಉಡುಪಿ ಜಿಲ್ಲೆಯ ಹಿರಿಯಡ್ಕ ಜೈಲಿನ ಖರ್ಚು ನಮ್ಮ ತೆರಿಗೆ ಮೇಲೇ ಬೀಳುತ್ತದಲ್ವಾ ಎಂದು ಕೇಳಿದ್ದೀರಿ. ಹೌದು, ಊಟ, ಕಾವಲು, ಔಷಧಿ ಎಲ್ಲ ನಮ್ಮ ದುಡ್ಡೇ. ಆದರೆ ಶಿಕ್ಷೆಯನ್ನು 2019ರಲ್ಲೇ ಏರಿಸಿದ್ದಾರೆ. ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾನೂನಿನ ಪ್ರಕಾರ ಕನಿಷ್ಠ 5 ವರ್ಷ, ಮತ್ತೆ ಮಾಡಿದರೆ 7.

ದುಡ್ಡು ಬೇಕಿರುವುದು ಅದಕ್ಕೂ ಮುಂಚೆ. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗೆ ತರಬೇತಿ ಪಡೆದ ಪೊಲೀಸರು ಬೇಕು. ಮೊಬೈಲ್ ಪರೀಕ್ಷಿಸಲು ಲ್ಯಾಬ್ ಬೇಕು. ಮಗುವಿನ ಪಕ್ಕ ಕೂತು ನಿಧಾನಕ್ಕೆ ಮಾತಾಡಿಸುವ ಕೌನ್ಸೆಲರ್ ಬೇಕು. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಸಿ ಎಂದು ಕಾನೂನೇ ಹೇಳುತ್ತದೆ. ಲ್ಯಾಬ್ ವರದಿಯೇ ತಡವಾದರೆ ಹೇಗೆ ಮುಗಿದೀತು? ಅಷ್ಟು ದಿನ ಆ ಮಗು ಕಾಯುತ್ತಲೇ ಇರಬೇಕು. ನೆನೆದರೆ ಕರುಳು ಹಿಂಡುತ್ತದೆ. ನಿಮ್ಮ ಶಾಸಕರನ್ನು ಕೇಳುವುದಾದರೆ, ದಯವಿಟ್ಟು ಲ್ಯಾಬ್ ವಿಷಯ ಮೊದಲು ಕೇಳಿ.