ಅಳೆದ ದಿನ ಯಾವುದು?

(ಕುಂದಾಪುರದ ಕಡೆಯ ಪದವಿ ಕಾಲೇಜಿನ ಉಪನ್ಯಾಸಕಿಯೊಬ್ಬರ ಪತ್ರ: "ನಮ್ಮ ಬಿ.ಎ., ಬಿ.ಎಸ್ಸಿ. ಮಕ್ಕಳು ಮಾಡಿದ ಕೆಲವು ಪ್ರಾಜೆಕ್ಟುಗಳು ನಿಜಕ್ಕೂ ಚೆನ್ನಾಗಿವೆ. ಕಾಲೇಜಿನಿಂದಲೇ ಒಂದು ಸಂಶೋಧನಾ ಪತ್ರಿಕೆ ತರೋಣ ಎಂದರೆ ಸಹೋದ್ಯೋಗಿಗಳು ನಗುತ್ತಾರೆ. ನಾಲ್ಕನೇ ವರ್ಷದ ಆನರ್ಸೇ ಹೋಯಿತು, ಡಿಗ್ರಿ ಮಕ್ಕಳಿಗೆ ಇನ್ನೆಂಥ ಸಂಶೋಧನೆ ಎನ್ನುತ್ತಾರೆ. ಲೈಬ್ರರಿಯನ್ನರನ್ನು ಕೇಳಿದರೆ ಅದು ನನ್ನ ಕೆಲಸವಲ್ಲ ಎಂದರು. ಇದು ಆಗುವ ಮಾತೇ?")

ಮೇಡಂ, ನಮಸ್ಕಾರ.

ಆಗುವ ಮಾತೇ. ಆದರೆ ನೀವು ಶುರು ಮಾಡಬೇಕಾದ್ದು ಸ್ಟಾಫ್ ರೂಮಿನಿಂದಲ್ಲ, ಆ ಲೈಬ್ರರಿಯನ್ನರ ಮೇಜಿನಿಂದ. ನನ್ನ ಕಥೆಯನ್ನೇ ಹೇಳುತ್ತೇನೆ. ನಾನು ಡಿಗ್ರಿಯಲ್ಲಿದ್ದಾಗ ನಾವು ಮೂವರು ಸೇರಿ ಸೈಕ್ಲೋಸ್ಟೈಲ್ ಮಾಡಿದ ಒಂದು ಸಂಚಿಕೆ ತಂದಿದ್ದೆವು. ಬೆನ್ನಿಗೆ ಒಬ್ಬರು ಮೇಷ್ಟ್ರಿದ್ದರು. ಎರಡು ಸಂಚಿಕೆ ಬಂತು. ಮೇಷ್ಟ್ರಿಗೆ ವರ್ಗವಾಯಿತು, ನಾವು ಪಾಸಾಗಿ ಹೊರಬಿದ್ದೆವು, ಪತ್ರಿಕೆಯೂ ನಿಂತಿತು. ಅದರಲ್ಲಿ ಹಂಚಿನ ಕಾರ್ಖಾನೆಯ ಕೆಲಸಗಾರರ ಬಗ್ಗೆ ಗೆಳೆಯ ಬರೆದ ಲೇಖನ ಬೇಕೆಂದು ಈಚೆಗೆ ಒಬ್ಬರು ಕೇಳಿದರು. ಕಾಲೇಜಿಗೆ ಹೋಗಿ ವಿಚಾರಿಸಿದೆ. "ಅದು ಆಕ್ಸೆಶನ್ ರಿಜಿಸ್ಟರಿಗೆ ಏರಿರಲಿಲ್ಲ ಸಾರ್, ಹಳೇ ಪೇಪರಿನ ಜೊತೆ ಹೋಗಿರಬೇಕು" ಎಂಬ ಉತ್ತರ ಬಂತು. ಲೈಬ್ರರಿಗೆ ಸೇರಿದ್ದನ್ನೆಲ್ಲ ಬರೆದಿಡುವ ರಿಜಿಸ್ಟರು ಅದು. ವಿದ್ಯಾರ್ಥಿ ಇರುವುದು ಮೂರು ವರ್ಷ. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಭರವಸೆಯೇ ಇಲ್ಲ. ಉಳಿಯುವುದು ಲೈಬ್ರರಿ ಮತ್ತು ಅದರ ರಿಜಿಸ್ಟರು.

ನಾಲ್ಕನೇ ವರ್ಷದ ಮಾತಿಗೆ ಬರೋಣ. 2024-25ರಿಂದ ನಮ್ಮ ರಾಜ್ಯ ಮೂರು ವರ್ಷದ ಪದವಿಗೆ ಮರಳಿದ್ದು ನಿಜ. ಹಾಗೆಂದು ಮಕ್ಕಳು ನೋಡಿ ಬರೆಯಬಹುದಾದ ತೋಡು (ಸಣ್ಣ ಹಳ್ಳ), ಗದ್ದೆ, ಮೀನಿನ ದಕ್ಕೆ ಎಲ್ಲಿಗೂ ಹೋಗಿಲ್ಲವಲ್ಲ. ಹೋದ ವರ್ಷ ಪುತ್ತೂರಿನ ಕಡೆಯ ಒಬ್ಬಳು ಎರಡನೇ ವರ್ಷದ ಹುಡುಗಿ ತಮ್ಮೂರಿನ ತೋಡಿಗೆ ಮಳೆಗಾಲ ಕಳೆದ ಮೇಲೆ ನೀರು ತಡೆಯಲು ಹಾಕುವ ಕಟ್ಟಗಳ (ಒಡ್ಡುಗಳ) ಮೇಲೆ ಒಂದು ಲೇಖನ ಕಳಿಸಿದ್ದಳು. ಹನ್ನೊಂದು ಕಟ್ಟ, ಅವುಗಳ ಉದ್ದ, ಎತ್ತರ, ಹಿಂದೆ ನಿಂತ ನೀರು ಎಲ್ಲ ಒಂದು ಪಟ್ಟಿಯಲ್ಲಿ. ನಾನು ಅದನ್ನು ನಿವೃತ್ತ ಉಪನ್ಯಾಸಕರೊಬ್ಬರಿಗೆ ಕೊಟ್ಟೆ. ಅವರು ಹೊಗಳಲಿಲ್ಲ, ತಿದ್ದಲೂ ಇಲ್ಲ. ಪಟ್ಟಿಯ ಪಕ್ಕ ಪೆನ್ಸಿಲಿನಲ್ಲಿ ಒಂದೇ ಸಾಲು: "ಅಳೆದ ದಿನ ಯಾವುದು?" ಡಿಸೆಂಬರಿನ ನೀರೂ ಮಾರ್ಚಿನ ನೀರೂ ಒಂದೇ ಅಲ್ಲವಲ್ಲ. ಹುಡುಗಿ ದಿನಾಂಕ ಬರೆದಿಟ್ಟುಕೊಂಡಿರಲಿಲ್ಲ. ಮನೆಯಲ್ಲಿ ಅಜ್ಜ ಗೋಡೆಯ ಕ್ಯಾಲೆಂಡರಿನಲ್ಲಿ ಆಳುಗಳ ಮಜೂರಿ ಗುರುತು ಹಾಕುತ್ತಾರೆ. ಆಳುಗಳಿದ್ದ ದಿನವೇ ಅವಳು ಟೇಪು ಹಿಡಿದದ್ದು. ಅದನ್ನಿಟ್ಟುಕೊಂಡು ಒಂದೊಂದೇ ದಿನ ಹುಡುಕಿದಳು. ಎರಡು ಕಟ್ಟಗಳಿಗೆ ದಿನ ಸಿಗಲಿಲ್ಲ, ಕೈಬಿಟ್ಟಳು. ಪಟ್ಟಿ ಒಂಬತ್ತಕ್ಕೆ ಇಳಿಯಿತು, ಲೇಖನ ಗಟ್ಟಿಯಾಯಿತು.

ಅಧ್ಯಾಪಕರಿಂದ ನಿಮ್ಮ ಪತ್ರಿಕೆಗೆ ಬೇಕಾದ್ದು ಇಂಥ ಒಂದು ಸಾಲು. ಪ್ರಕಟಿಸುವ ಮೊದಲು ಲೇಖನವನ್ನು ಓದಿ ಪ್ರಶ್ನೆ ಕೇಳಲು ಇಬ್ಬರಿರಲಿ, ಗೈಡ್ ಆದವರು ಅದರಲ್ಲಿ ಬೇಡ. ಮಕ್ಕಳು ಬರೆದದ್ದನ್ನು ತಾವೇ ಹೊಸದಾಗಿ ಬರೆದುಕೊಡುವ ಉಪಕಾರವೂ ಬೇಡ. ಇನ್ನೊಂದು ಮಾತು, ಕೆಲವರಿಗೆ ಖಾರವಾದೀತು: ತೋಡಿಗೆ ಇಳಿದವಳು ಹುಡುಗಿಯಾದರೆ ಲೇಖನದ ಮೇಲೆ ಮೊದಲ ಹೆಸರು ಗೈಡಿನದ್ದು ಯಾಕೆ?

ಲೈಬ್ರರಿಯ ಕೆಲಸ ಇದಕ್ಕಿಂತ ದೊಡ್ಡದು. ಕೆನಡಾದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್‌ನವರ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಉಂಟು, ಉಚಿತ. ಲೇಖನ ಬಂದದ್ದು, ಓದಲು ಹೋದದ್ದು, ತಿದ್ದಿ ಮರಳಿದ್ದು, ಪ್ರಕಟವಾದದ್ದು ಎಲ್ಲದರ ದಾಖಲೆ ಅದರಲ್ಲಿ ಉಳಿಯುತ್ತದೆ. ಕಾಲೇಜಿಗೆ ಸರ್ವರ್ ಇದ್ದು, ನಿಭಾಯಿಸಲು ಒಬ್ಬ ಜನ ಇದ್ದರೆ ಸಾಕು. ಐಎಸ್‌ಎಸ್‌ಎನ್ ಎಂಬ, ಪತ್ರಿಕೆಗಳಿಗೆ ಕೊಡುವ ಎಂಟು ಅಂಕಿಯ ಸಂಖ್ಯೆಯನ್ನು ದೆಹಲಿಯ ರಾಷ್ಟ್ರೀಯ ಕೇಂದ್ರ ದುಡ್ಡಿಲ್ಲದೆ ಕೊಡುತ್ತದೆ. ಅಚ್ಚಿಗೆ ಒಂದು, ಆನ್‌ಲೈನಿಗೆ ಇನ್ನೊಂದು. ಅದು ಗುಣಮಟ್ಟದ ಮುದ್ರೆಯಲ್ಲ, ಬರೀ ಗುರುತಿನ ಸಂಖ್ಯೆ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. "ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಹಿತ" ಎಂದು ವಾಟ್ಸ್ಆ್ಯಪಿನಲ್ಲಿ ಬರುವವರು ಇದೇ ಸಂಖ್ಯೆ ತೋರಿಸಿ ದುಡ್ಡು ಕೇಳುವುದು. ಯುಜಿಸಿ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲಂತೂ ಒಳ್ಳೆಯದು ಕೆಟ್ಟದ್ದನ್ನು ಆರಿಸುವ ಹೊಣೆ ಕಾಲೇಜಿನ ತಲೆಗೇ ಬಂದಿದೆ.

ಕನ್ನಡ ಲೇಖನಗಳೆಲ್ಲ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದು ಪಿಡಿಎಫ್ ಮಾಡಿದರೆ ಕಣ್ಣಿಗೆ ಕಾಣುವುದು ಕನ್ನಡ. ಹುಡುಕಲು ಹೋದರೆ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಯಾರಿಗೂ ಸಿಗುವುದಿಲ್ಲ. ಮತ್ತೆ "ಕಟ್ಟ" ಎಂದು ಹುಡುಕುವವರಿಗೂ "ಚೆಕ್ ಡ್ಯಾಮ್" ಎಂದು ಹುಡುಕುವವರಿಗೂ ಒಂದೇ ಲೇಖನ ಸಿಗಬೇಕಾದರೆ ಯಾವ ಯಾವ ಪದ ಕೊಡಬೇಕು? ಅದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಲೈಬ್ರರಿಯನ್ನರು ಓದಿಕೊಂಡು ಬಂದದ್ದೇ ಆ ವಿದ್ಯೆ. ಅವರನ್ನು ಕೂಡಿಸಿ ಆ ಪ್ರಶ್ನೆ ಕೇಳಿ ನೋಡಿ. ಸಂಪಾದಕ ಮಂಡಳಿಯಲ್ಲಿ ಅವರ ಹೆಸರೂ ಇರಲಿ. ಪ್ರೂಫ್ ತಿದ್ದಲು ಮಾತ್ರ ಕರೆದರೆ ಯಾರಾದರೂ ನನ್ನ ಕೆಲಸವಲ್ಲ ಎಂದೇ ಹೇಳುವುದು.

ಬೇಕಿದ್ದರೆ ಅವರಿಗೆ ರಂಗನಾಥನ್ ಅವರ ನೆನಪು ಮಾಡಿ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್. ಆರ್. ರಂಗನಾಥನ್ 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದವರು. ಮದರಾಸು ವಿಶ್ವವಿದ್ಯಾನಿಲಯದ ಲೈಬ್ರರಿ ಹಿಡಿದದ್ದು ಆಮೇಲೆ, 1924ರಲ್ಲಿ. ಮೇಷ್ಟ್ರ ಕೆಲಸ ಎಲ್ಲಿ ಮುಗಿಯಿತು, ಲೈಬ್ರರಿಯ ಕೆಲಸ ಎಲ್ಲಿ ಶುರುವಾಯಿತು ಎಂದು ಅವರಲ್ಲಿ ಗೆರೆ ಎಳೆಯುವುದು ಕಷ್ಟ. ಉಡುಪಿಯ ಎಂಜಿಎಂ ಕಾಲೇಜಿಗೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ತುಳು ನಿಘಂಟಿನ ಆರು ಸಂಪುಟ ಬಂದದ್ದು ಆ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಿಂದ.

ಪತ್ರಿಕೆಯ ಹೆಸರು, ಬಿಡುಗಡೆ ಸಮಾರಂಭ, ಶಾಲು ಹಾರ ಎಲ್ಲ ಆಮೇಲೆ. ಮೊದಲ ಸಂಚಿಕೆಗೆ ನಾಲ್ಕು ಲೇಖನ ಧಾರಾಳ ಸಾಕು. ಅವುಗಳಲ್ಲಿ ಎರಡನ್ನು ನನಗೆ ಕಳಿಸಿ, ಓದುತ್ತೇನೆ. ಪ್ರಿಂಟ್ ತೆಗೆಯುವಾಗ ಬದಿಯಲ್ಲಿ ಎರಡು ಬೆರಳು ಜಾಗ ಬಿಡಿಸಿ, ನಾನೂ ಪೆನ್ಸಿಲ್ ಹಿಡಿಯುವವನೇ.

– ಸಂಪಾದಕ