ವೀಲುನಾಮೆ ಒಂದಿದ್ದರೆ ಸಾಕೇ? ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ನಮ್ಮ ಕಾಸರಗೋಡು ಜಿಲ್ಲೆಯಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಪ್ರಾಯ ಸಂದವರ ಆಸ್ತಿ, ಆರೈಕೆಯ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 74 ವರ್ಷ. ಸ್ವಂತ ದುಡಿಮೆಯ ಮೂರು ಎಕ್ರೆ ಅಡಿಕೆ ತೋಟ, ಮನೆ ಇದೆ. ದೊಡ್ಡ ಮಗ ಬೆಂಗಳೂರಿನಲ್ಲಿ, ಮಗಳು ಪುತ್ತೂರಿನಲ್ಲಿ, ಕಿರಿಯವ ನಮ್ಮ ಜೊತೆಗೆ. ಕಿರಿಯವನ ಹೆಸರಿಗೆ ಈಗಲೇ ದಾನಪತ್ರ ಮಾಡಿಬಿಡಿ ಎಂದು ನೆಂಟರು ಹೇಳುತ್ತಾರೆ. ದಾನಪತ್ರವೋ, ವೀಲುನಾಮೆಯೋ? (ಕೃಷಿಕ, ಬದಿಯಡ್ಕ)

ಉತ್ತರ: ನೆಂಟರಿಗೇನು, ಹೇಳಿ ಚಹಾ ಕುಡಿದು ಹೋಗುತ್ತಾರೆ. ದಾನಪತ್ರ ರಿಜಿಸ್ಟ್ರಿಯಾಗಿ, ವಿಲೇಜಾಫೀಸಿನಲ್ಲಿ ಪೋಕುವರವ್ (ಖಾತೆ ಬದಲಾವಣೆ) ಮುಗಿಯಿತೆಂದರೆ ತೋಟ ಮಗನದ್ದು. ಮರುದಿನ ಅವನು ಅದನ್ನು ಬ್ಯಾಂಕಿಗೆ ಅಡವಿಟ್ಟರೂ ನೀವು ಬಾಯಿ ಬಿಡುವಂತಿಲ್ಲ. ವೀಲುನಾಮೆ ನಿಮ್ಮ ಕಾಲಾನಂತರ ಮಾತ್ರ ಜೀವ ಪಡೆಯುತ್ತದೆ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸ್ಟಾಂಪ್ ಡ್ಯೂಟಿ ಇಲ್ಲ. ರಿಜಿಸ್ಟ್ರಿ ಕಡ್ಡಾಯವೂ ಅಲ್ಲ. ಆದರೂ ಒಬ್ಬ ಮಗನಿಗೆ ಹೆಚ್ಚು ಕೊಡುವ ಉದ್ದೇಶವಿದ್ದರೆ ಮಾಡಿಸಿಯೇ ಬಿಡಿ. ಯಾಕೆ ಹೆಚ್ಚು ಕೊಟ್ಟಿರಿ ಎಂಬುದನ್ನು ಎರಡು ವಾಕ್ಯದಲ್ಲಿ ಅದರಲ್ಲೇ ಬರೆಯಿರಿ. ವಿದ್ಯಾನಗರದ ಕೋರ್ಟಿನಲ್ಲಿ ಅಣ್ಣತಮ್ಮಂದಿರು ಎದುರುಬದುರು ನಿಂತಾಗ ಆ ಎರಡು ವಾಕ್ಯಗಳ ಬೆಲೆ ತಿಳಿಯುತ್ತದೆ.

ದಾನಪತ್ರವೇ ಆಗಬೇಕೆಂದರೆ, ನಿಮ್ಮಿಬ್ಬರ ಜೀವಮಾನವಿಡೀ ಆ ಮನೆಯಲ್ಲಿ ವಾಸಿಸುವ, ತೋಟದ ಉತ್ಪತ್ತಿ ಅನುಭವಿಸುವ ಹಕ್ಕನ್ನು ಉಳಿಸಿಕೊಳ್ಳಿ. ಮಗ ಊಟ, ಔಷಧಿ, ಆರೈಕೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಸ್ಪಷ್ಟವಾಗಿ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಧ್ಯಕ್ಷತೆಯ ಟ್ರಿಬ್ಯೂನಲಿಗೆ ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಕಲಂ ಸಿಗುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಗೆ ಆಸ್ತಿ ಮರಳಿಸುವಾಗ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು, ನಿಜ. ಆದರೆ ಅಲ್ಲಿಯೂ ಮಗ ಬರೆದುಕೊಟ್ಟ ವಚನಪತ್ರ ಒಂದಿತ್ತು. ಬಾಯಿಮಾತನ್ನು ನಂಬಿ ಕೂರಬೇಡಿ.

ಇನ್ನೊಂದು. ನಿಮ್ಮ ಕಾಗದದಲ್ಲಿ ಮಕ್ಕಳು ಮೂವರೂ ಬಂದರು, ಹೆಂಡತಿ ಬರಲಿಲ್ಲ. "ಮಗನು ತಾಯಿಯನ್ನು ನೋಡಿಕೊಳ್ಳತಕ್ಕದ್ದು" ಎಂಬ ಸಾಲು ಗಂಡಸರು ಬರೆಸುವ ವೀಲುನಾಮೆಗಳಲ್ಲಿ ತಪ್ಪದೆ ಬರುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಅವರಿಗೆ ಏನು, ಎಷ್ಟು ಎಂದು ಬರೆಯಿರಿ.

ಪ್ರಶ್ನೆ: ಯಜಮಾನರಿಗೆ ಪಕ್ಷವಾತವಾಗಿ ಪ್ರಜ್ಞೆಯಿಲ್ಲ. ದುಬಾಯಿಯಲ್ಲಿರುವ ಮಗನಿಗೆ ಅವರು ಮೊದಲೇ ಮುಖ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಕೊಟ್ಟಿದ್ದರು. ಈಗ ಬ್ಯಾಂಕಿನವರು ಅದು ನಡೆಯುವುದಿಲ್ಲ ಎನ್ನುತ್ತಾರೆ. ಆಸ್ಪತ್ರೆಗೆ ಹಣ ಹೇಗೆ ಕಟ್ಟಲಿ? (ಗೃಹಿಣಿ, ಕುಂಬಳೆ)

ಉತ್ತರ: ಬ್ಯಾಂಕಿನವರ ಮೇಲೆ ಸಿಟ್ಟು ಬರುವುದು ಸಹಜ, ಆದರೆ ಕಾನೂನು ಅವರ ಕಡೆಗಿದೆ. ಕೊಟ್ಟವರು ತೀರಿಕೊಂಡರೂ, ಬುದ್ಧಿಸ್ವಾಧೀನ ಕಳೆದುಕೊಂಡರೂ ಮುಖ್ತ್ಯಾರು ಮುಗಿಯುತ್ತದೆ. ಕರಾರು ಕಾಯ್ದೆಯ 201ನೇ ಕಲಂ. ಅತ್ಯಂತ ಅಗತ್ಯ ಬಿದ್ದ ಹೊತ್ತಿನಲ್ಲೇ ಕೈಕೊಡುವ ಕಾಗದ ಅದು.

ದಾರಿ ಇದೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ಪ್ರತ್ಯೇಕ ಕಾಯ್ದೆ ಇಲ್ಲದ ಕಾರಣ ಕೇರಳ ಹೈಕೋರ್ಟು 2019ರಲ್ಲಿ ತಾನೇ ಮಾರ್ಗಸೂಚಿ ರೂಪಿಸಿತು. ನೀವು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿ ಯಜಮಾನರನ್ನು ಪರೀಕ್ಷಿಸುತ್ತದೆ, ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬಂದು ನೋಡಿ ವರದಿ ಕೊಡುತ್ತಾರೆ. ಅವರ ಆಸ್ತಿಯ ವಿವರ ಪೂರ್ತಿ ಕೊಡಬೇಕು, ಉಳಿದ ವಾರಸುದಾರರನ್ನೂ ಕಕ್ಷಿಗಳಾಗಿ ಸೇರಿಸಬೇಕು. ಮಕ್ಕಳೆಲ್ಲ ಒಪ್ಪಿಗೆಯ ಪ್ರಮಾಣಪತ್ರ ಕೊಟ್ಟರೆ ನಿಮ್ಮ ಕೆಲಸ ಹಗುರ.

ಓದುವ ಇತರರಿಗೆ: ಗಂಡ-ಹೆಂಡತಿಯ ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಇವತ್ತೇ ಬದಲಿಸಿ. ನಾಮಿನಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಖಾತೆದಾರ ಬದುಕಿರುವಾಗ ನಾಮಿನಿಗೆ ಒಂದು ರೂಪಾಯಿ ತೆಗೆಯುವ ಅಧಿಕಾರವಿಲ್ಲ. ತೀರಿದ ಮೇಲೂ ಅವರು ಬ್ಯಾಂಕಿನಿಂದ ಹಣ ಪಡೆಯುವವರೇ ಹೊರತು ಒಡೆಯರಲ್ಲ, ಹಣ ವಾರಸುದಾರರದ್ದು.

ಪ್ರಶ್ನೆ: ನಾವು ಮುಸ್ಲಿಮರು. ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಎಲ್ಲವನ್ನೂ ಮಕ್ಕಳಿಗೇ ಬರೆದಿಡಬಹುದೇ? (ವ್ಯಾಪಾರಿ, ಉಪ್ಪಳ)

ಉತ್ತರ: ವಸಿಯತ್ತಿನಲ್ಲಿ, ಅಂದರೆ ಮುಸ್ಲಿಮರ ವೀಲುನಾಮೆಯಲ್ಲಿ, ಆಗದು. ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯಲು, ಅಥವಾ ವಾರಸುದಾರರಲ್ಲೇ ಒಬ್ಬರಿಗೆ ಬರೆಯಲು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ನಿಮ್ಮ ತಂದೆತಾಯಿ ಇಲ್ಲ, ಹೆಂಡತಿಯೂ ಅಣ್ಣತಮ್ಮಂದಿರೂ ಇದ್ದಾರೆ ಎಂದುಕೊಂಡರೆ, ಆಸ್ತಿಯನ್ನು 24 ಪಾಲು ಮಾಡಿ ಹೆಣ್ಣುಮಕ್ಕಳಿಗೆ 16, ಹೆಂಡತಿಗೆ 3, ಉಳಿದ 5 ನಿಮ್ಮ ಒಡಹುಟ್ಟಿದವರಿಗೆ. ಬದುಕಿರುವಾಗಲೇ ಹಿಬಾ (ದಾನ) ಕೊಡಬಹುದು. ಆಗ ಸ್ವಾಧೀನವನ್ನೂ ಬಿಟ್ಟುಕೊಡಬೇಕು, ಹಾಗಾಗಿ ಮೊದಲ ಉತ್ತರದ ಎಚ್ಚರಿಕೆ ನಿಮಗೂ ಅನ್ವಯ. ನಮ್ಮ ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್ ಬೇರೆ ದಾರಿ ಹಿಡಿದರು. ಮೂವರು ಹೆಣ್ಣುಮಕ್ಕಳ ತಂದೆಯಾದ ಅವರು 2023ರ ಮಾರ್ಚ್ 8ರಂದು ಹೊಸದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ತಮ್ಮ ಹೆಂಡತಿಯನ್ನೇ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಆಗ ಈ ಪಾಲಿನ ಲೆಕ್ಕದ ಬದಲು 1925ರ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ, ಒಡಹುಟ್ಟಿದವರಿಗೆ ಪಾಲು ಹೋಗುವುದಿಲ್ಲ. ಮನೆಯವರೊಡನೆ ಕೂತು ಮಾತಾಡಿ ನಿರ್ಧರಿಸಿ.

ಪ್ರಶ್ನೆ: ನಾನು ಒಂಟಿ. ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರಿಗೆ ಹಾಕಿ ಎಳೆಯುವುದು ಬೇಡ. ಇದನ್ನು ವೀಲುನಾಮೆಯಲ್ಲೇ ಬರೆದರೆ ಆಗದೇ? (ನಿವೃತ್ತ ಅಧ್ಯಾಪಕಿ, ಪೆರ್ಲ)

ಉತ್ತರ: ಟೀಚರ್, ವೀಲುನಾಮೆ ತೆರೆಯುವುದೇ ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ! ಇದಕ್ಕೆ ಬೇರೆಯೇ ಪತ್ರ ಬೇಕು: ವೈದ್ಯಕೀಯ ಮುನ್ನಿರ್ದೇಶನ, ಜನ ಲಿವಿಂಗ್ ವಿಲ್ ಎನ್ನುವುದು. ಸುಪ್ರೀಂ ಕೋರ್ಟು 2018ರಲ್ಲಿ ಇದನ್ನು ಮಾನ್ಯ ಮಾಡಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕು. ಯಾವ ಚಿಕಿತ್ಸೆ ಬೇಡ, ಯಾವ ಹಂತದಲ್ಲಿ ಬೇಡ, ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬಿಡಿಸಿ ಬರೆಯಿರಿ. ಅಂಥವರು ಇಬ್ಬರಿರಲಿ, ಒಬ್ಬರಾದರೂ ಕೂಗಳತೆಯಲ್ಲಿರಲಿ. ಅವರಿಬ್ಬರಿಗೆ, ಮನೆವೈದ್ಯರಿಗೆ, ಪಂಚಾಯತಿಗೆ ಒಂದೊಂದು ಪ್ರತಿ ಕೊಡಿ. ಆ ಹೊತ್ತು ಬಂದಾಗ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ನೋಡಿ ತೀರ್ಮಾನಿಸುತ್ತವೆ. ನೋವು ಶಮನದ ಆರೈಕೆ ಮಾತ್ರ ನಿಲ್ಲುವುದಿಲ್ಲ.

ಪೆರ್ಲದವರು ದೊಡ್ಡ ಕಾಯಿಲೆಗೆ ಹೋಗುವುದು ಮಂಗಳೂರಿಗೆ. ಅದಕ್ಕೆ ಹೆದರಬೇಕಿಲ್ಲ, ಸುಪ್ರೀಂ ಕೋರ್ಟಿನ ತೀರ್ಪು ಕೇರಳ-ಕರ್ನಾಟಕ ಗಡಿಯ ತಲಪಾಡಿ ಗೇಟಿನ ಎರಡೂ ಕಡೆಗೆ ಒಂದೇ. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಅದರ ಜಾರಿಗಾಗಿ ಸುತ್ತೋಲೆಯನ್ನೂ ಹೊರಡಿಸಿದೆ.

ಪ್ರಶ್ನೆ: ವೀಲುನಾಮೆ ಕನ್ನಡದಲ್ಲಿದ್ದರೆ ಇಲ್ಲಿ ನಡೆಯುತ್ತದೆಯೇ? (ಮುಳ್ಳೇರಿಯ)

ಉತ್ತರ: ಧಾರಾಳವಾಗಿ. ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯ ಪತ್ರಕ್ಕಷ್ಟೇ ರಿಜಿಸ್ಟ್ರಿಗೆ ಅನುವಾದ ಕೇಳಬಹುದು. ಇಬ್ಬರು ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ, ಪಾಲು ಸಿಗುವವರಾಗದಿರಲಿ. ನಿಜವಾದ ತೊಡಕು ಬರುವುದು ಜಾಗೆಯ ವಿವರದಲ್ಲಿ. 1956ಕ್ಕೆ ಮುಂಚಿನ, ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಆಧಾರದಲ್ಲಿ (ಜಾಗೆಯ ದಸ್ತಾವೇಜಿನಲ್ಲಿ) ಒಂದು ಸರ್ವೆ ನಂಬರು, ರೀಸರ್ವೆಯ ನಂತರದ ತೆರಿಗೆ ರಶೀದಿಯಲ್ಲಿ ಇನ್ನೊಂದು. ಆ ದಸ್ತಾವೇಜಿನಲ್ಲಿ ಮನೆತನದ ಹೆಸರಿದ್ದರೆ ಆಧಾರ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಎರಡು ನಂಬರನ್ನೂ, ಎರಡು ಹೆಸರನ್ನೂ ವೀಲುನಾಮೆಯಲ್ಲಿ ಕಾಣಿಸಿ, ಈ ವರ್ಷದ ತೆರಿಗೆ ರಶೀದಿಯ ನಕಲನ್ನು ಹಿಂದೆ ಹೊಲಿದಿಡಿ.