ಘಟ್ಟ ಹತ್ತದ ಲಾರಿಗೆ ದೊಡ್ಡ ಎಂಜಿನ್ ಬೇಕೆ?

ಕಾಫಿ ಕೊಯ್ಲು ಮುಗಿದು ಲಾರಿಗಳಿಗೆ ಕೈತುಂಬ ಬಾಡಿಗೆ ಸಿಗುವ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಲಾರಿ ಘಟ್ಟ ಎಳೆಯುತ್ತಿಲ್ಲ, ಎಂಜಿನ್ ಬದಲಿಸಬೇಕೆ? ಇಷ್ಟು ವರ್ಷ ಬಿಡಿಬಿಡಿಯಾಗಿ ಉತ್ತರಿಸಿದ್ದಾಯಿತು. ಈ ಬಾರಿ ಜಾಗದ ಬಹುಪಾಲನ್ನು ಇದಕ್ಕೇ ಕೊಡುತ್ತಿದ್ದೇನೆ. ಮುಂದೆ ಇದೇ ಪ್ರಶ್ನೆ ಬಂದರೆ ಈ ಉತ್ತರದ ಕಡೆಗೇ ಬೆರಳು ತೋರಿಸುತ್ತೇನೆ. ಆಯಿಲ್ ಯಾವಾಗ ಬದಲಿಸಬೇಕು, ಏರ್ ಫಿಲ್ಟರ್ ಹೇಗೆ ಶುಚಿಗೊಳಿಸಬೇಕು ಎಂಬುದನ್ನೆಲ್ಲ ಲಾರಿ ಇಟ್ಟುಕೊಂಡು ಬಾಳುವವರಿಗೆ ನಾನು ಹೇಳಿಕೊಡುವುದಿಲ್ಲ.

ಪ್ರಶ್ನೆ: ನನ್ನದು ಹಳೆಯ ಟಾಟಾ 1613, 697 ಟರ್ಬೊ ಎಂಜಿನ್. ಕಾಫಿ ತುಂಬಿಕೊಂಡು ಮಂಗಳೂರಿಗೆ ಹೋಗಿ, ಬರುವಾಗ ರಸಗೊಬ್ಬರ ತರುತ್ತೇನೆ. ಸಂಪಾಜೆ ದಾಟಿ ಏರು ಶುರುವಾದರೆ ಮೂರನೇ ಗೇರು ನಿಲ್ಲುವುದಿಲ್ಲ, ಎರಡಕ್ಕೆ ಇಳಿಸಿ ಮಡಿಕೇರಿವರೆಗೂ ತೆವಳಬೇಕು. ಇದೇ ಎಂಜಿನ್ನನ್ನು ಬೋರ್ ಮಾಡಿಸಿ (ಸಿಲಿಂಡರಿನ ಒಳಗನ್ನು ಕೊರೆದು ಅಗಲಿಸಿ) ಪಂಪಿನಲ್ಲಿ ಡೀಸೆಲ್ ಹೆಚ್ಚಿಸಬಹುದು, ಇಲ್ಲವೇ ಗುಜರಿಯಲ್ಲಿ ಸಿಕ್ಕಿರುವ 8.3 ಲೀಟರಿನ ಕಮಿನ್ಸ್ ಎಂಜಿನ್ ಕೂರಿಸಬಹುದು ಎಂದು ಗ್ಯಾರೇಜಿನವರು ಹೇಳುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು? (ಲಾರಿ ಮಾಲೀಕರು, ಸುಂಟಿಕೊಪ್ಪ)

ಉತ್ತರ: ಎರಡೂ ಅಲ್ಲ. ಏಕೆಂಬುದಕ್ಕೆ ಮೊದಲು ಲೆಕ್ಕ ನೋಡೋಣ, ಏಕೆಂದರೆ ಗ್ಯಾರೇಜಿನಲ್ಲಿ ನಿಮಗೆ ಯಾರೂ ಈ ಲೆಕ್ಕವನ್ನು ಮಾಡಿ ತೋರಿಸಿರಲಾರರು.

ನಿಮ್ಮ ಲಾರಿಯ ಹೆಸರಿನಲ್ಲಿಯೇ ಸುಮಾರು 16 ಟನ್ ಒಟ್ಟು ತೂಕವೂ 130 ಅಶ್ವಶಕ್ತಿಯೂ ಇವೆ. ಹದಿನೈದು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ರಸ್ತೆಯಲ್ಲಿ 16.2 ಟನ್ ತೂಕವನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎಳೆಯಲು, ಗೇರ್ ಬಾಕ್ಸಿನಿಂದ ಚಕ್ರದವರೆಗಿನ ನಷ್ಟವನ್ನೂ ಸೇರಿಸಿದರೆ, ಎಂಜಿನ್ ನೂರಕ್ಕಿಂತ ಸ್ವಲ್ಪ ಹೆಚ್ಚು ಅಶ್ವಶಕ್ತಿ ಕೊಡಬೇಕಾಗುತ್ತದೆ. ಪೂರ್ತಿ 130 ಅಶ್ವಶಕ್ತಿ ಸಿಕ್ಕರೆ ವೇಗ 25ರ ಆಸುಪಾಸಿಗೆ ಬರುತ್ತದೆ. 180 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ಅದೇ ಏರಿನಲ್ಲಿ 34ಕ್ಕೆ ಹೋಗಬಹುದು. ಆದರೆ 2018ರ ಆಗಸ್ಟಿನ ಭೂಕುಸಿತದ ನಂತರ ತಡೆಗೋಡೆ ಕಟ್ಟಿ ನಿಲ್ಲಿಸಿರುವ ಆ ತಿರುವುಗಳಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ, ತುಂಬಿದ ಲಾರಿಯನ್ನು ಗಂಟೆಗೆ 34 ಕಿಲೋಮೀಟರ್ ವೇಗದಲ್ಲಿ ಓಡಿಸಬೇಕೆಂಬ ಆಸೆ ಯಾರಿಗಾದರೂ ಇದ್ದರೆ, ಅವರಿಗೆ ನನ್ನ ಸಲಹೆ ಬೇಕಾಗಿಲ್ಲ. ಇಪ್ಪತ್ತು ಕಿಲೋಮೀಟರ್ ಏರಿನಲ್ಲಿ ನಿಮಗೆ ನಿಜವಾಗಿ ಉಳಿಯುವುದು ಹತ್ತು ನಿಮಿಷವಿರಬಹುದು.

ಈಗ ಗ್ಯಾರೇಜಿನವರ ಮೊದಲನೆಯ ಸಲಹೆಗೆ ಬರುತ್ತೇನೆ. 697 ಎಂಜಿನ್ನಿನ ಸಿಲಿಂಡರ್ 97 ಮಿಲಿಮೀಟರ್ ಅಗಲ, ಪಿಸ್ಟನ್ನಿನ ಓಟ 128 ಮಿಲಿಮೀಟರ್. ಆರು ಸಿಲಿಂಡರುಗಳಿಗೆ ಒಟ್ಟು 5,675 ಸಿಸಿ. ಟಾಟಾದವರು 1954ರಿಂದ 1969ರವರೆಗೆ ಬೆಂಜ್ ಕಂಪನಿಯ ಜೊತೆ ಕೂಡಿ ಲಾರಿ ಕಟ್ಟುತ್ತಿದ್ದವರು; ಬೆಂಜಿನ ಒಎಂ 352 ಎಂಜಿನ್ನಿನ ಅಳತೆಯೂ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಇದೇ ಆಗಿದೆ. ಇಷ್ಟು ದೀರ್ಘ ಕಾಲ ಬಾಳಿದ ಅಳತೆಯನ್ನು ಅರ್ಧ ಮಿಲಿಮೀಟರ್ ಅಗಲಿಸಿದರೆ ಸಿಗುವುದು 60 ಸಿಸಿಗಿಂತಲೂ ಕಡಿಮೆ, ಅಂದರೆ ಶೇಕಡಾ ಒಂದರಷ್ಟು. ಬೋರ್ ಮಾಡುವುದು ಸವೆದ ಸಿಲಿಂಡರನ್ನು ಸರಿಪಡಿಸುವ ಕೆಲಸ, ಶಕ್ತಿ ಹೆಚ್ಚಿಸುವ ಕೆಲಸವಲ್ಲ. ಬೋರ್ ಮಾಡಿಸಿದ ಮೇಲೆ ಲಾರಿ ಚೆನ್ನಾಗಿ ಎಳೆಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಎಂಜಿನ್ನಿನಲ್ಲಿ ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಇರಲಿಲ್ಲ, ಹೊಸ ಪಿಸ್ಟನ್ ಮತ್ತು ರಿಂಗ್ ಬಿದ್ದ ಮೇಲೆ ಬಂತು, ಅಷ್ಟೆ.

ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವ ವಿದ್ಯೆಯ ಬಗ್ಗೆ ನನಗೆ ತಾಳ್ಮೆಯೇ ಉಳಿದಿಲ್ಲ. ಡೀಸೆಲ್ ಉರಿಯಲು ಗಾಳಿ ಬೇಕು. ಟರ್ಬೊ ಕೊಡುವ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ, ಹೆಚ್ಚಿದ ಪಾಲು ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಪಿಸ್ಟನ್ನಿನ ತಲೆಯನ್ನೂ ಹೆಡ್ ಗ್ಯಾಸ್ಕೆಟನ್ನೂ ಟರ್ಬೊದ ಬಿಸಿ ಬದಿಯ ಚಕ್ರವನ್ನೂ ಸುಡುತ್ತಾ ಹೋಗುತ್ತದೆ. ಬಯಲಿನಲ್ಲಿ ಇದು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಮುಕ್ಕಾಲು ಗಂಟೆ ಒಂದೇ ಸಮನೆ ಆಕ್ಸಿಲರೇಟರ್ ಒತ್ತಿ ಹಿಡಿಯುವುದಿಲ್ಲ. ಘಟ್ಟದಲ್ಲಿ ಹಿಡಿಯುತ್ತೀರಿ. ಮಡಿಕೇರಿಯ ಎತ್ತರದಲ್ಲಿ ಗಾಳಿಯೇ ಕಡಲತೀರಕ್ಕಿಂತ ಶೇಕಡಾ ಹತ್ತರಷ್ಟು ತೆಳುವಾಗಿರುತ್ತದೆ. ಟರ್ಬೊ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಆ ಆಸರೆಯೂ ಇಲ್ಲ. ಹಾಗೆಂದು ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಒಂದನ್ನು ತಂದು ತಗಲಿಸಬಾರದು. ಟರ್ಬೊ ಎಂಜಿನ್ನಿನ ಪಿಸ್ಟನ್, ಕಂಪ್ರೆಷನ್ ಪ್ರಮಾಣ, ಆಯಿಲ್ ಹರಿವು ಎಲ್ಲವನ್ನೂ ಅದಕ್ಕೆಂದೇ ರೂಪಿಸಿರುತ್ತಾರೆ.

ಎರಡನೆಯ ಸಲಹೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಮೊದಲ ಆರು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. 8.3 ಲೀಟರಿನ ಕಮಿನ್ಸ್ ಒಳ್ಳೆಯ ಎಂಜಿನ್. 114 ಮಿಲಿಮೀಟರ್ ಬೋರ್, 135 ಮಿಲಿಮೀಟರ್ ಸ್ಟ್ರೋಕ್, ಗಟ್ಟಿಮುಟ್ಟಾದ ಕಟ್ಟು. ತಪ್ಪು ಎಂಜಿನ್ನಿನದ್ದಲ್ಲ, ಅದರ ಹಿಂದಿರುವ ಸಾಮಾನುಗಳದ್ದು. ಮೊದಲ ಗೇರಿನಲ್ಲಿ ಗೇರ್ ಬಾಕ್ಸ್ ತಿರುಚುಬಲವನ್ನು ಏಳು ಪಟ್ಟು ಮಾಡುತ್ತದೆ, ಹಿಂದಿನ ಆಕ್ಸಲ್ಲಿನ ನಡುವಿರುವ ಡಿಫರೆನ್ಷಿಯಲ್ ಅದನ್ನು ಮತ್ತೆ ಆರು ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ನಿನಲ್ಲಿ ಹೆಚ್ಚಾದ 100 ನ್ಯೂಟನ್ ಮೀಟರ್ ಹಿಂದಿನ ಆಕ್ಸಲ್ಲಿಗೆ ಬರುವಷ್ಟರಲ್ಲಿ 4,200 ಆಗಿರುತ್ತದೆ. ಕ್ಲಚ್ ಪ್ಲೇಟ್, ಗೇರುಗಳ ಹಲ್ಲು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್ ಪಿನಿಯನ್, ಆಕ್ಸಲ್ ಶಾಫ್ಟ್ ಇವಿಷ್ಟೂ ಸಣ್ಣ ಎಂಜಿನ್ನಿನ ಲೆಕ್ಕಕ್ಕೆ ಮಾಡಿದವು. ಇವುಗಳಲ್ಲಿ ಒಂದು ಮುರಿಯುತ್ತದೆ, ಮುರಿಯುವುದು ತುಂಬಿದ ಲಾರಿ ಏರಿನಲ್ಲಿ ಹೊರಡುವಾಗಲೇ. ಆ ಹೊತ್ತಿಗೆ ಚಕ್ರಕ್ಕೂ ಎಂಜಿನ್ನಿಗೂ ಇರುವ ಸಂಬಂಧ ಕಡಿದುಹೋಗಿರುತ್ತದೆ, ಲಾರಿಯನ್ನು ಹಿಡಿದು ನಿಲ್ಲಿಸಲು ಬ್ರೇಕ್ ಒಂದೇ ಉಳಿದಿರುತ್ತದೆ.

ಇನ್ನು ತೂಕವಿದೆ. ದೊಡ್ಡ ಎಂಜಿನ್ ಒಂದೂವರೆಯಿಂದ ಎರಡು ಕ್ವಿಂಟಾಲ್ ಹೆಚ್ಚು ತೂಗುತ್ತದೆ, ಆ ಭಾರವೆಲ್ಲ ಮುಂದಿನ ಆಕ್ಸಲ್ಲಿನ ಮೇಲೆ ಬೀಳುತ್ತದೆ. ರೇಡಿಯೇಟರ್ ಸಾಲುವುದಿಲ್ಲ. ಎಂಜಿನ್ ಮೌಂಟಿಂಗಿಗಾಗಿ ಚಾಸಿಯ ಅಡ್ಡಪಟ್ಟಿಯನ್ನು ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಚಾಸಿಗೆ ವೆಲ್ಡಿಂಗ್ ಮಾಡಿದ ಗ್ಯಾರೇಜಿಗೆ ನಾನು ನನ್ನ ಕೈಗಾಡಿಯನ್ನೂ ಬಿಡುವುದಿಲ್ಲ.

ಕಾನೂನಿನ ಮಾತನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಒತ್ತಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯ (ನೋಂದಣಿ ಪತ್ರದ) ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. ನೆರೆಯ ಕೇರಳದ ಹೈಕೋರ್ಟ್ ಕೊಟ್ಟಿದ್ದ ಸಡಿಲವಾದ ತೀರ್ಪನ್ನು ತಳ್ಳಿಹಾಕಿ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಇಂಥ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಕೆಟ್ಟುಹೋದ ಎಂಜಿನ್ನಿನ ಜಾಗಕ್ಕೆ ಅದೇ ಮಾದರಿಯ ಇನ್ನೊಂದನ್ನು, ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಕೂರಿಸಿ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಿಕೊಳ್ಳುವುದು ಬೇರೆ ವಿಷಯ. ಯಾರ ಲಾರಿಯಿಂದ ಇಳಿಸಿದ್ದೆಂದು ತಿಳಿಯದ ಗುಜರಿ ಎಂಜಿನ್ನಿಗೆ ಆ ದಾರಿಯೂ ಇಲ್ಲ. ಎಫ್‌ಸಿಯಲ್ಲಿ (ವಾಹನದ ಅರ್ಹತಾ ತಪಾಸಣೆಯಲ್ಲಿ) ಹೇಗೋ ದಾಟಿಸುತ್ತೇವೆಂದು ಗ್ಯಾರೇಜಿನವರು ಹೇಳುತ್ತಾರೆ. ಅಪಘಾತವಾದ ಮೇಲೆ ವಿಮೆಯವರು ಎಂಜಿನ್ ನಂಬರ್ ನೋಡಲು ಬಂದಾಗ ಅವರು ಪಕ್ಕದಲ್ಲಿ ನಿಂತಿರುವುದಿಲ್ಲ.

ದೊಡ್ಡ ಎಂಜಿನ್ನಿನ ಪರವಾಗಿ ಒಂದು ನ್ಯಾಯವಾದ ಮಾತಿದೆ, ಅದನ್ನು ಗ್ಯಾರೇಜಿನವರು ಹೇಳುವುದೇ ಇಲ್ಲ: ಇಳಿಜಾರಿನಲ್ಲಿ ಅದು ಲಾರಿಯನ್ನು ಚೆನ್ನಾಗಿ ತಡೆಯುತ್ತದೆ. 16.2 ಟನ್ ಲಾರಿ ಮಡಿಕೇರಿಯಿಂದ ಘಟ್ಟದ ಬುಡಕ್ಕೆ ಸುಮಾರು ಸಾವಿರ ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಐನೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟಿರುತ್ತದೆ, ಅದರಲ್ಲಿ ಎಂಜಿನ್ ಹೀರಿಕೊಳ್ಳದೆ ಬಿಟ್ಟದ್ದು ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತದೆ. ಆದರೆ ಇದಕ್ಕಾಗಿ ಎಂಜಿನ್ ಬದಲಿಸಬೇಕಾಗಿಲ್ಲ. ಹೊಗೆಯ ದಾರಿ ಮುಚ್ಚಿ ಎಂಜಿನ್ನಿನಿಂದಲೇ ಲಾರಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ನಿಮ್ಮ ಲಾರಿಯಲ್ಲಿ ಕೆಲಸ ಮಾಡುತ್ತಿದೆಯೆ? ಸೈಲೆನ್ಸರ್ ಪೈಪಿನೊಳಗಿನ ಆ ತಟ್ಟೆ ಮಸಿ ಹಿಡಿದು ಕಚ್ಚಿಕೊಂಡ ಮೇಲೆ ಅದರ ಗಾಳಿ ಪೈಪನ್ನು ಕಳಚಿ ಕಟ್ಟಿಹಾಕಿದ ಲಾರಿಗಳನ್ನು ಈ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ತಟ್ಟೆ ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿಕೊಂಡಿದ್ದರೆ ಏರಿನಲ್ಲೂ ಎಂಜಿನ್ನಿನ ಉಸಿರು ಕಟ್ಟುತ್ತದೆ. ನಿಮ್ಮ ಲಾರಿಯಲ್ಲಿ ಮೊದಲು ಅದನ್ನು ನೋಡಿ.

ಅದಾದ ಮೇಲೆ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ. ಗೊಬ್ಬರ ಹೆಚ್ಚು ತುಂಬಿ ಒಟ್ಟು ತೂಕ ನೂರಕ್ಕೆ ಇಪ್ಪತ್ತರಷ್ಟು ಏರಿದ್ದರೆ 25 ಕಿಲೋಮೀಟರಿನ ವೇಗ 21ಕ್ಕೆ ಇಳಿಯುವುದು ಎಂಜಿನ್ನಿನ ದೋಷವಲ್ಲ. ತೂಕ ಸರಿಯಿದ್ದರೆ, ಕ್ಲೀನರನ್ನು ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ, ಪಂಪಿನ ಲಿವರ್ ಕೊನೆಯ ಸ್ಟಾಪಿಗೆ ತಾಗುತ್ತದೆಯೆ ಎಂದು ಕಣ್ಣಾರೆ ನೋಡಿ. ಸವೆದ ರಾಡಿನಿಂದಾಗಿ ತಾಗದಿರುವುದು ಅಪರೂಪವಲ್ಲ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ತರುವ ರಬ್ಬರ್ ಹೋಸನ್ನು ಬಿಚ್ಚಿ, ಒಳಪದರ ಸೀಳಿದೆಯೆ ಎಂದು ಪರೀಕ್ಷಿಸಿ. ಹೊರಗಿನಿಂದ ಅದು ಹೊಸದರಂತೆ ಕಾಣುತ್ತದೆ. ಘಟ್ಟ ಹತ್ತಿ ನಿಲ್ಲಿಸಿದ ತಕ್ಷಣ ನಾಲ್ಕೂ ಡ್ರಮ್ಮುಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಏರಿನಲ್ಲಿ ಬ್ರೇಕ್ ಹಾಕದಿದ್ದರೂ ಒಂದು ಡ್ರಮ್ ಬೆಂಕಿಯಾಗಿದ್ದರೆ ನಿಮ್ಮ ಅಶ್ವಶಕ್ತಿ ಅಲ್ಲಿ ಸೋರುತ್ತಿದೆ. ಪಂಪನ್ನೂ ನಾಜಲ್ಲುಗಳನ್ನೂ ಬಿಚ್ಚಿಸಿ, ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಯಲ್ಲಿ ಕಂಪನಿಯ ಅಳತೆಗೆ ಕ್ಯಾಲಿಬ್ರೇಷನ್ ಮಾಡಿಸಿ, ಅಳತೆಯ ಚೀಟಿಯನ್ನು ಕೇಳಿ ಪಡೆಯಿರಿ. ಚೀಟಿ ಕೊಡದ ಅಂಗಡಿಯಿಂದ ಎದ್ದು ಬನ್ನಿ. ಎಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ ಜೋರಾಗಿ ಬರುತ್ತಿದ್ದರೆ ಮಾತ್ರ ಎಂಜಿನ್ ಇಳಿಸಿ ಬೋರ್ ಮಾಡಿಸುವ ಮಾತಿಗೆ ಬನ್ನಿ.

ಇಷ್ಟೆಲ್ಲ ಸರಿಯಿದ್ದೂ ಮೂರನೇ ಗೇರು ನಿಲ್ಲದಿದ್ದರೆ, ತೊಂದರೆ ಗೇರುಗಳ ನಡುವಿನ ಅಂತರದಲ್ಲಿದೆ. ಮೂರರಲ್ಲಿ ಎಂಜಿನ್ನಿನ ಸುತ್ತು ಕುಸಿಯುತ್ತದೆ. ಎರಡಕ್ಕೆ ಹಾಕಿದರೆ ಎಂಜಿನ್ನಿನಲ್ಲಿ ಶಕ್ತಿ ಮಿಕ್ಕಿದ್ದರೂ ಸುತ್ತು ಮುಗಿದುಹೋಗುತ್ತದೆ. ಇದಕ್ಕೆ ಮದ್ದು ಕ್ರೌನ್ ಪಿನಿಯನ್ನಿನಲ್ಲಿದೆ. ನಿಮ್ಮಲ್ಲಿರುವುದು 41ಕ್ಕೆ 7 ಹಲ್ಲುಗಳ ಜೋಡಿಯಾದರೆ, ನಿಮ್ಮ ಹೌಸಿಂಗಿಗೆ ಹೊಂದುವ 41ಕ್ಕೆ 6ರ ಕಂಪನಿಯ ಜೋಡಿಯನ್ನು ಹಾಕಿಸಿ. ಪ್ರತಿ ಗೇರಿನಲ್ಲೂ ಎಳೆತ ಶೇಕಡಾ 16ಕ್ಕಿಂತ ಹೆಚ್ಚು ಬೆಳೆಯುತ್ತದೆ, ಮೂರನೇ ಗೇರು 20ರ ವೇಗದಲ್ಲಿ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಹುಣಸೂರು ದಾಟಿದ ಬಯಲು ರಸ್ತೆಯಲ್ಲಿ 80 ಓಡುತ್ತಿದ್ದ ಸುತ್ತಿಗೆ ಇನ್ನು 69ಕ್ಕಿಂತ ಹೆಚ್ಚು ಓಡುವುದಿಲ್ಲ, ಸ್ಪೀಡೋಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಜೋಡಿಯನ್ನು ಎಂದೂ ಬಿಡಿಬಿಡಿಯಾಗಿ ಕೊಳ್ಳಬೇಡಿ, ಹಲ್ಲಿಗೆ ಬಣ್ಣ ಹಚ್ಚಿ ಕಚ್ಚುವ ಗುರುತು ನೋಡದೆ ಕೂರಿಸುವ ಮಿಸ್ತ್ರಿಯ ಕೈಗೂ ಕೊಡಬೇಡಿ. ವಾರಕ್ಕೆ ಮೂರು ದಿನ ಬಯಲಿನಲ್ಲೇ ಓಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಹೆಚ್ಚಿನ ಅಶ್ವಶಕ್ತಿ ಬೇಕೇಬೇಕೆನ್ನುವವರು ಈ ಲಾರಿಯನ್ನು ಮಾರಿ, ಆ ಶಕ್ತಿಗೆಂದೇ ಕಂಪನಿ ಕಟ್ಟಿದ ಲಾರಿಯನ್ನು ಕೊಳ್ಳಲಿ.

ಪ್ರಶ್ನೆ: ತೋಟದ ಜೀಪಿಗೆ ಲಾರಿಯ ಆರು ಸಿಲಿಂಡರ್ ಎಂಜಿನ್ ಕೂರಿಸಬಹುದೆ? (ಸಿದ್ದಾಪುರ)

ಉತ್ತರ: ಬೇಡ.

ಪ್ರಶ್ನೆ: ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಹೆಚ್ಚುತ್ತದೆಂದು ಒಬ್ಬರು ಮಾರಲು ಬಂದಿದ್ದರು. (ಗೋಣಿಕೊಪ್ಪಲು)

ಉತ್ತರ: ಡೀಸೆಲ್ ಕಬ್ಬಿಣವಲ್ಲ. ಹೆಚ್ಚುವುದು ಮಾರಿದವರ ಗಳಿಕೆ.

ಪ್ರಶ್ನೆ: ಎಂಜಿನ್ ಬಿಸಿಯಾಗುತ್ತದೆಂದು ಮಿಸ್ತ್ರಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆಗೆದುಹಾಕಿದ್ದಾರೆ. ಇದು ಸರಿಯೆ? (ವಿರಾಜಪೇಟೆ)

ಉತ್ತರ: ಸರಿಯಲ್ಲ, ಮತ್ತೆ ಹಾಕಿಸಿ. ಹಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತಾ ಏರಿನಲ್ಲಿ ಬಿಸಿ ಇನ್ನೂ ಹೆಚ್ಚುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಎಂಜಿನ್ ಕಾಯಲು ತಡವಾಗಿ ಲೈನರ್ ಸವೆಯುತ್ತದೆ. ಬಿಸಿಗೆ ಕಾರಣ ರೇಡಿಯೇಟರಿನಲ್ಲಿ ಕಟ್ಟಿಕೊಂಡ ಕೆಸರಿನಲ್ಲೋ ಸಡಿಲವಾದ ಫ್ಯಾನ್ ಬೆಲ್ಟಿನಲ್ಲೋ ಇರಬಹುದು, ಅಲ್ಲಿ ಹುಡುಕಿಸಿ.

ಪ್ರಶ್ನೆ: ಬಿಎಸ್-6 ಲಾರಿಯ ಕಂಪ್ಯೂಟರಿನಲ್ಲಿ ಲೆಕ್ಕ ಬದಲಿಸಿ ಪಿಕಪ್ ಹೆಚ್ಚಿಸುವವರಿದ್ದಾರಂತೆ. ವಿಳಾಸ ಕೊಡುತ್ತೀರಾ? (ಕುಶಾಲನಗರ)

ಉತ್ತರ: ಕೊಡುವುದಿಲ್ಲ.

ಪ್ರಶ್ನೆ: ಮಾಕುಟ್ಟದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಎಷ್ಟು ಡೀಸೆಲ್ ಉಳಿಯುತ್ತದೆ? (ಪೆರುಂಬಾಡಿ)

ಉತ್ತರ: ಒಂದು ಹನಿಯೂ ಉಳಿಯುವುದಿಲ್ಲ. ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಪಂಪ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್ಲಿನಲ್ಲಿ ಎಂಜಿನ್ ನಿಂತುಹೋಗದಿರಲು ಕೊಡುತ್ತಲೇ ಇರುತ್ತದೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಸುತ್ತೇವೆ ಎನ್ನುವವರಿಗೆ: ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ತಿರುಗುವುದು ಎಂಜಿನ್ನಿನಿಂದ, ಟ್ಯಾಂಕಿನಲ್ಲಿ ಉಳಿದ ಗಾಳಿ ಕೆಲವೇ ಸಲ ಪೆಡಲ್ ಒತ್ತುವುದಕ್ಕೆ ಸಾಕಾಗುತ್ತದೆ.